ಸಾಲುಮರ ಹೋದ ಮೇಲೆ ನಮ್ಮ ಕೋತಿ ಎಲ್ಲಿಗೆ ಹೋಯಿತು?

ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ, ನಂಜನಗೂಡು. ಈ ಕಡೆಯ ಯಾವ ಊರಿನಲ್ಲಾದರೂ ಅರಳಿಕಟ್ಟೆ ಮೇಲೆ ಕೂತು ಕೋತಿಯ ಮಾತೆತ್ತಿ ನೋಡಿ. "ವಿಪರೀತ ಆಗೋಗವೆ ಕಣಪ್ಪ, ಒಂದ್ ಎಳನೀರು ಉಳಿಸಲ್ಲ" ಅನ್ನುವ ಮಾತು ಬಂದೇ ಬರುತ್ತದೆ. ಆ ಸಿಟ್ಟು ಸುಳ್ಳಲ್ಲ. ತೆಂಗಿನಮರ ಹತ್ತಿ ಎಳೆಗಾಯಿ ಕಿತ್ತು ಬಿಸಾಡುವ, ಮುಸುಕಿನ ಜೋಳದ ತೆನೆ ಮುರಿಯುವ, ಹೆಂಚು ಸರಿಸಿ ಅಡುಗೆಮನೆಗೆ ಇಳಿಯುವ ಕೋತಿಯಿಂದ ನಷ್ಟ ಆಗುವುದು ನಿಜ. ಆದರೆ ರಸ್ತೆ ರಸ್ತೆ ಸುತ್ತಿ ತಲೆ ಎಣಿಸಿದವರ ಲೆಕ್ಕ ಬೇರೆಯೇ ಇದೆ. ನಮ್ಮ ಕೋತಿ ಕಡಿಮೆಯಾಗುತ್ತಿದೆ. ಅದೂ ಬಹಳ ಬೇಗ.

ಎರಡೂ ಒಟ್ಟಿಗೆ ನಿಜವಾಗುವುದು ಹೇಗೆ? ಇದನ್ನು ಬಿಡಿಸಿ ಹೇಳಲೇಬೇಕು ಅನ್ನಿಸಿತು. ಈ ಗಂಟು ಬಿಚ್ಚದೆ ನಾವು ಹುಡುಕುವ ಪರಿಹಾರ ರೈತನಿಗೂ ಒದಗುವುದಿಲ್ಲ, ಕೋತಿಗೂ ಒದಗುವುದಿಲ್ಲ.

ಯಾವ ಕೋತಿ ಅನ್ನುವುದು ಮೊದಲು ಸ್ಪಷ್ಟವಾಗಲಿ. ನಮ್ಮ ಕಡೆ ಮೂರ್ನಾಲ್ಕು ಬಗೆಯ ಮಂಗಗಳ ಹೆಸರು ಕೇಳಿರುತ್ತೀರಿ. ಕಪ್ಪು ಮೂತಿ, ಉದ್ದ ಕಾಲಿನದು ಮುಸುವ. ಮುಖದ ಸುತ್ತ ಬೂದು ಬಣ್ಣದ ಕೇಸರ, ಬಾಲದ ತುದಿಗೆ ಕುಚ್ಚು ಇರುವುದು ಸಿಂಗಳೀಕ. ಅದು ಪಶ್ಚಿಮ ಘಟ್ಟದ ಮಳೆಕಾಡಿನದು. ನಾನು ಹೇಳುತ್ತಿರುವುದು ಇವೆರಡನ್ನೂ ಅಲ್ಲ. ದೇವಸ್ಥಾನದ ಗೋಪುರ, ಬಸ್ ಸ್ಟ್ಯಾಂಡು, ರಸ್ತೆ ಬದಿಯ ಆಲದ ಮರದಲ್ಲಿ ಕಾಣುವ ಸಾಮಾನ್ಯ ಕೋತಿಯನ್ನು. ಅದರ ನೆತ್ತಿಯ ನಡುವಿನಿಂದ ಕೂದಲು ಸುತ್ತಲೂ ಹರಡಿಕೊಂಡಿರುತ್ತದೆ, ಟೋಪಿ ಇಟ್ಟ ಹಾಗೆ. ಹಾಗಾಗಿ ಬಾನೆಟ್ ಮಕಾಕ್ ಅಂತ ಕರೆಯುತ್ತಾರೆ. ವೈಜ್ಞಾನಿಕ ಹೆಸರು ಮಕಾಕಾ ರೇಡಿಯಾಟಾ. ಬಾಲ ಮೈಯಷ್ಟೇ ಉದ್ದ. ಉತ್ತರ ಭಾರತದ ಕೆಂಪು ಮೂತಿಯ ರೀಸಸ್ ಕೋತಿಗೆ ಬಾಲ ಗಿಡ್ಡ. ಅಷ್ಟು ನೋಡಿದರೆ ಸಾಕು, ಗುರುತು ಸಿಗುತ್ತದೆ.

ಈ ಟೋಪಿ ಕೋತಿ ದಕ್ಷಿಣ ಭಾರತ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಕಾಡಿನಲ್ಲಿ ಹುಟ್ಟಿ ಬೆಳೆಯುವುದಿಲ್ಲ. ನಮಗೆ ದಿನಾ ಕಾಣುವುದರಿಂದ ಎಲ್ಲ ಕಡೆಯೂ ಇದೆ ಅಂದುಕೊಳ್ಳುತ್ತೇವೆ, ಅಲ್ವಾ? ಪಶ್ಚಿಮದಲ್ಲಿ ತಾಪಿ ನದಿ, ಪೂರ್ವದಲ್ಲಿ ಕೃಷ್ಣಾ ನದಿಯ ಆಸುಪಾಸು. ಅದರಿಂದ ಮೇಲಕ್ಕೆ ಇದರ ನೆಲೆ ಇಲ್ಲ.

ಸಿಂಗಳೀಕದ ಬಗ್ಗೆ ಜನರಿಗೆ ಕಾಳಜಿ ಹುಟ್ಟಿದೆ, ಸಂತೋಷದ ಸಂಗತಿ. ಕೇರಳದ ಸೈಲೆಂಟ್ ವ್ಯಾಲಿಯಲ್ಲಿ ಅಣೆಕಟ್ಟು ಬೇಡ ಎಂಬ ಹೋರಾಟಕ್ಕೆ ಅದೇ ಗುರುತಾಗಿತ್ತು. 1984ರಲ್ಲಿ ಆ ಕಾಡು ರಾಷ್ಟ್ರೀಯ ಉದ್ಯಾನವಾಯಿತು. ನಮ್ಮ ರಾಜ್ಯದ ಅಘನಾಶಿನಿ ಕಣಿವೆಯಲ್ಲಿ ಸಿಂಗಳೀಕಕ್ಕಾಗಿಯೇ ಸಂರಕ್ಷಿತ ಪ್ರದೇಶ ಇದೆ. ಟೋಪಿ ಕೋತಿಗೆ ಅಂಥ ಒಂದು ಎಕರೆಯೂ ಇಲ್ಲ. ಎಲ್ಲೆಡೆ ಇರುವ ಪ್ರಾಣಿಗೆ ರಕ್ಷಣೆ ಯಾಕೆ ಅಂತ ಯಾರೂ ಯೋಚಿಸಲಿಲ್ಲ.

ಯೋಚಿಸಿದವರು ಮೈಸೂರಿನಲ್ಲೇ ಇದ್ದರು. ಮೈಸೂರು ವಿಶ್ವವಿದ್ಯಾನಿಲಯದ ಪ್ರೊಫೆಸರ್ ಮೇವಾ ಸಿಂಗ್ ಮತ್ತು ಅವರ ಜೊತೆಗಾರರು ಮೈಸೂರಿನ ಸುತ್ತಮುತ್ತಲ ರಸ್ತೆಗಳಲ್ಲಿ ಕೋತಿಗಳನ್ನು ಎಣಿಸುತ್ತಾ ಬಂದರು. ಕೆಲವು ವರ್ಷ ಬಿಟ್ಟು ಮತ್ತೆ ಅದೇ ರಸ್ತೆಗಳಿಗೆ ಹೋಗಿ ಎಣಿಸಿದರು. ಈ ಕೆಲಸದ ಬೆಲೆ ಇರುವುದೇ ಆ 'ಮತ್ತೆ' ಎಂಬುದರಲ್ಲಿ. ಒಂದು ಸಲ ಎಣಿಸಿದರೆ ಒಂದು ಸಂಖ್ಯೆ ಸಿಗುತ್ತದೆ, ಅಷ್ಟೇ. ಅದೇ ಜಾಗದಲ್ಲಿ ಇಪ್ಪತ್ತು ವರ್ಷದ ನಂತರ ಎಣಿಸಿದಾಗ ಏನಾಗುತ್ತಿದೆ ಅಂತ ಗೊತ್ತಾಗುತ್ತದೆ. 1989ರಲ್ಲಿ ಆ ರಸ್ತೆಗಳ ಬದಿಯಲ್ಲಿ 54 ಗುಂಪು, 1,207 ಕೋತಿಗಳಿದ್ದವು. 2009ರಲ್ಲಿ ಸಿಕ್ಕಿದ್ದು 31 ಗುಂಪು, 697 ಕೋತಿಗಳು. ಮುಂದಿನ ಸಮೀಕ್ಷೆಯ ಹೊತ್ತಿಗೆ ಇಳಿಕೆ ಇನ್ನೂ ಜಾಸ್ತಿಯಾಗಿ, 25 ವರ್ಷಗಳಲ್ಲಿ ರಸ್ತೆ ಬದಿಯ ಕೋತಿಗಳಲ್ಲಿ ಶೇಕಡಾ 65ಕ್ಕಿಂತ ಹೆಚ್ಚು ಇಲ್ಲವಾಗಿದ್ದವು. ದಕ್ಷಿಣ ಭಾರತದ ದೇವಸ್ಥಾನ ಮತ್ತು ಪ್ರವಾಸಿ ತಾಣಗಳನ್ನು ನೋಡಿದಾಗಲೂ ಅದೇ ಕಥೆ. ಹಿಂದೆ ಕೋತಿಗಳಿದ್ದ ಜಾಗಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಒಂದೂ ಉಳಿದಿರಲಿಲ್ಲ.

ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಈ ಕೋತಿ ಬಹಳ ಕಾಲ 'ಚಿಂತೆಯಿಲ್ಲ' ಎಂಬ ಸಾಲಿನಲ್ಲಿತ್ತು. ಈಗ ಅದನ್ನು ಅಪಾಯದ ಅಂಚಿಗೆ ಬಂದ ಜೀವಿಗಳ ಸಾಲಿಗೆ ಸೇರಿಸಿದ್ದಾರೆ.

ಅತ್ತಿ, ಆಲ, ಅರಳಿ, ಗೋಣಿ

ಕೋತಿ ಕಡಿಮೆಯಾದರೆ ಕಾಡು ಹೋಯಿತು ಅಂತ ತಾನೇ ನಾವು ಅಂದುಕೊಳ್ಳುವುದು? ಈ ಕೋತಿಯ ವಿಷಯದಲ್ಲಿ ಹಾಗಲ್ಲ. ದಟ್ಟ ಕಾಡಿನಲ್ಲಿ ಇದು ಇದ್ದರೂ ಬಹಳ ಕಡಿಮೆ. ಇದು ಮನುಷ್ಯರ ಊರು, ಹೊಲ, ದಾರಿಗಳ ಅಂಚಿನಲ್ಲೇ ನೂರಾರು ವರ್ಷ ಬಾಳಿದ ಪ್ರಾಣಿ. ಇದರ ಮನೆ ಅಂದರೆ ಹಳೇ ಮೈಸೂರು ಸೀಮೆಯ ಸಾಲುಮರ. ಎತ್ತಿನ ಗಾಡಿ ಕಾಲದಲ್ಲಿ ದಾರಿಹೋಕರಿಗೆ ನೆರಳಾಗಲಿ ಅಂತ ಸಂಸ್ಥಾನದ ರಸ್ತೆಗಳ ಎರಡೂ ಬದಿಗೆ ನೆಟ್ಟ ಆಲ, ಅರಳಿ, ಅತ್ತಿ, ಬಸರಿ, ಗೋಣಿ ಮರಗಳು. ಇವೆಲ್ಲ ಒಂದೇ ಕುಲದವು, ಫೈಕಸ್ ಕುಲ. ಗೋಣಿ ಮರಕ್ಕಂತೂ ಸಸ್ಯಶಾಸ್ತ್ರದವರು ಹಿಂದೆ ಇಟ್ಟ ಹೆಸರೇ ಫೈಕಸ್ ಮೈಸೂರೆನ್ಸಿಸ್.

ಈ ಮರಗಳೇ ಯಾಕೆ? ನನಗೆ ಈ ಇಡೀ ವಿಷಯದಲ್ಲಿ ಅತಿ ಹೆಚ್ಚು ಮುಖ್ಯ ಅನ್ನಿಸಿದ್ದು ಇದು. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಅತ್ತಿಹಣ್ಣು ಬಿಚ್ಚಿದರೆ ಹುಳ ಅನ್ನುವ ಮಾತು ಎಲ್ಲರಿಗೂ ಗೊತ್ತು. ಆ ಹುಳ ಕೊಳೆತು ಬಂದದ್ದಲ್ಲ. ಅತ್ತಿ, ಆಲಗಳ ಹೂವು ಹೊರಗೆ ಕಾಣುವುದೇ ಇಲ್ಲ. ನಾವು ಕಾಯಿ ಅನ್ನುವುದರ ಒಳಗೇ ನೂರಾರು ಪುಟ್ಟ ಹೂಗಳಿರುತ್ತವೆ. ಅವುಗಳಿಗೆ ಪರಾಗ ತರುವುದು ಒಂದು ಸಣ್ಣ ಕಣಜ. ಎಷ್ಟು ಸಣ್ಣದು ಅಂದರೆ, ಕಾಯಿಯ ತುದಿಯ ತೂತಿನಲ್ಲಿ ನುಸುಳಿ ಒಳಗೆ ಹೋಗುತ್ತದೆ. ಅಲ್ಲೇ ಮೊಟ್ಟೆ ಇಡುತ್ತದೆ, ಅಲ್ಲೇ ಸಾಯುತ್ತದೆ. ಅದರ ಮರಿಗಳು ಬೆಳೆದು, ಹೆಣ್ಣುಗಳು ಪರಾಗ ಹೊತ್ತುಕೊಂಡು ಹೊರಗೆ ಬಂದು ಇನ್ನೊಂದು ಮರ ಹುಡುಕಬೇಕು. ಅವುಗಳಿಗೆ ಇರುವ ಆಯಸ್ಸು ಒಂದೆರಡು ದಿನ. ಆ ಒಂದೆರಡು ದಿನದಲ್ಲಿ ಸರಿಯಾದ ಹದದ ಕಾಯಿ ಇರುವ ಮರ ಸಿಗದಿದ್ದರೆ ಕಣಜದ ಸಂತಾನವೇ ಮುಗಿಯಿತು. ಕಣಜ ಮುಗಿದರೆ ಮರಕ್ಕೆ ಬೀಜ ಇಲ್ಲ. ಆದ್ದರಿಂದ ಈ ಮರಗಳು ಒಂದು ಉಪಾಯ ಕಂಡುಕೊಂಡಿವೆ. ಮಾವು ಹಲಸಿನ ಹಾಗೆ ಎಲ್ಲ ಒಟ್ಟಿಗೆ ಒಂದೇ ಕಾಲದಲ್ಲಿ ಹಣ್ಣು ಬಿಡುವುದಿಲ್ಲ. ಒಂದು ಆಲದ ಮರ ಈ ತಿಂಗಳು ಬಿಟ್ಟರೆ, ಅರ್ಧ ಮೈಲಿ ಆಚೆಯ ಆಲ ಇನ್ನೆರಡು ತಿಂಗಳಿಗೆ ಬಿಡುತ್ತದೆ. ಮರಗಳು ತುಂಬ ಇದ್ದರೆ ವರ್ಷದ ಯಾವ ವಾರದಲ್ಲೂ ಎಲ್ಲೋ ಒಂದು ಕಡೆ ಹಣ್ಣು ಇದ್ದೇ ಇರುತ್ತದೆ.

ಕೋತಿಗೆ ಇದರಿಂದ ಆಗುವ ಅನುಕೂಲ ಯೋಚಿಸಿ. ಬೇಸಿಗೆಯಲ್ಲಿ ಹೊಲ ಒಣಗಿದ್ದರೂ, ಮಳೆ ತಪ್ಪಿದ್ದರೂ ಸಾಲುಮರದಲ್ಲಿ ಹೊಟ್ಟೆಗೆ ಸಿಗುತ್ತದೆ. ಹಣ್ಣು ಮುಗಿದರೆ ಚಿಗುರು, ಮೊಗ್ಗು, ತೊಗಟೆಯ ಹುಳು. ಕೊಂಬೆಗೆ ಕೊಂಬೆ ತಾಗಿಕೊಂಡಿರುವುದರಿಂದ ನೆಲಕ್ಕೆ ಇಳಿಯದೆ ಮೈಲಿಗಟ್ಟಲೆ ಓಡಾಡಬಹುದು. ರಾತ್ರಿ ನಾಯಿಗೂ ಚಿರತೆಗೂ ಸುಲಭವಾಗಿ ಸಿಗದ ಎತ್ತರದ ಕೊಂಬೆಗಳಲ್ಲಿ ಒಂದಕ್ಕೊಂದು ಒತ್ತಿಕೊಂಡು ಮಲಗಬಹುದು. ಊಟ, ದಾರಿ, ಮಲಗುವ ಜಾಗ ಮೂರೂ ಒಂದೇ ಮರದ ಸಾಲಿನಲ್ಲಿ ಇದ್ದವು.

ಈಗ ನೂರು ಮರದ ಸಾಲಿನಲ್ಲಿ ತೊಂಬತ್ತೈದನ್ನು ಕಡಿಯಿರಿ. ಐದು ಮರ ಉಳಿದವು. ಕಡತದಲ್ಲಿ 'ಐದು ಮರ ಉಳಿಸಿದ್ದೇವೆ' ಅಂತ ಬರೆಯಬಹುದು. ಆದರೆ ಐದೇ ಮರ ಇದ್ದಾಗ ವರ್ಷದ ಎಷ್ಟೋ ತಿಂಗಳು ಯಾವುದರಲ್ಲೂ ಹಣ್ಣು ಇರುವುದಿಲ್ಲ. ಮರಗಳ ಸಂಖ್ಯೆ ಇಳಿದಷ್ಟೇ ಆಹಾರ ಇಳಿಯುವುದಿಲ್ಲ. ನಡುವೆ ಪೂರ್ತಿ ಬರಿದಾದ ತಿಂಗಳುಗಳು ಹುಟ್ಟಿಕೊಳ್ಳುತ್ತವೆ. ಆ ತಿಂಗಳುಗಳಲ್ಲಿ ಕೋತಿ ಏನು ಮಾಡಬೇಕು? ಪಕ್ಕದಲ್ಲಿ ತೆಂಗಿನ ತೋಟ ಇದೆ. ಅದರಾಚೆ ಅಡುಗೆಮನೆ ಇದೆ.

ಇಲ್ಲಿಗೆ ಮೊದಲು ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತು. ಹಿಂದೆ ನೂರು ಕೋತಿಗಳು ಹತ್ತು ಮೈಲಿ ಸಾಲುಮರದಲ್ಲಿ ಹರಡಿಕೊಂಡಿದ್ದಾಗ ಅವುಗಳ ಕಡೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಇವತ್ತು ಉಳಿದ ಮೂವತ್ತು ಕೋತಿಗಳು ಒಂದೇ ಬಡಾವಣೆಯಲ್ಲಿ ದಿನಾ ಐವತ್ತು ಮನೆಯ ಮೇಲೆ ಓಡಾಡುತ್ತವೆ. ಐವತ್ತು ಮನೆಯವರೂ ದೂರುತ್ತಾರೆ. ಒಂದೇ ಗುಂಪನ್ನು ಎಲ್ಲರೂ ಬೇರೆ ಬೇರೆಯಾಗಿ ಎಣಿಸಿರುತ್ತಾರೆ. ಕಣ್ಣಿಗೆ ಬೀಳುವುದು ಜಾಸ್ತಿಯಾಗಿದೆ, ಕೋತಿ ಕಡಿಮೆಯಾಗಿದೆ.

ಅಗಲವಾದ ರಸ್ತೆಗಳು

ಬೆಂಗಳೂರು ಮೈಸೂರು ರಸ್ತೆಯನ್ನು ಹಳಬರು ನೆನೆಸಿಕೊಳ್ಳುವುದೇ ಅದರ ನೆರಳಿನ ಲೆಕ್ಕದಲ್ಲಿ. 2000ದ ದಶಕದಲ್ಲಿ ಅದು ನಾಲ್ಕು ಪಥವಾಗುವಾಗ ಹಳೆಯ ಮರಗಳು ಬಿದ್ದವು. ಆಮೇಲೆ ದಶಪಥ ಬಂತು, ನಡುವೆ ಆರು ಪಥ, ಬದಿಗಳಲ್ಲಿ ಸರ್ವೀಸ್ ರಸ್ತೆ. 2023ರ ಮಾರ್ಚ್ 12ರಂದು ಮಂಡ್ಯ ಜಿಲ್ಲೆಯಲ್ಲೇ ಅದರ ಉದ್ಘಾಟನೆ ಆಯಿತು. ಸುಮಾರು 118 ಕಿಲೋಮೀಟರ್, ಎರಡೂ ಬದಿಗೆ ಬೇಲಿ, ನಡುವೆ ಬಿಸಿಲು. ಮೈಸೂರಿನಿಂದ ಹೊರಡುವ ಬೇರೆ ರಸ್ತೆಗಳೂ ಒಂದೊಂದಾಗಿ ಅಗಲವಾದವು. ನಗರದ ಒಳಗೂ ಇದು ನಿಂತಿಲ್ಲ. 2025ರ ಏಪ್ರಿಲ್‌ನಲ್ಲಿ ಹೈದರಾಲಿ ರಸ್ತೆಯಲ್ಲಿ 40 ದೊಡ್ಡ ಮರಗಳನ್ನು ಕಡಿದಾಗ ಮೈಸೂರಿನ ಜನ ಬೀದಿಗೆ ಬಂದು ಪ್ರತಿಭಟಿಸಿದರು.

ರಸ್ತೆ ಬೇಡ ಅಂತ ನಾನು ಹೇಳುತ್ತಿಲ್ಲ. ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಸೇರಬೇಕಾದವರಿಗೆ, ತರಕಾರಿ ಲಾರಿ ಓಡಿಸುವವರಿಗೆ ಒಳ್ಳೆ ರಸ್ತೆ ಬೇಕೇ ಬೇಕು. ನನ್ನ ತಕರಾರು ಆಮೇಲೆ ನೆಡುವ ಗಿಡಗಳ ಬಗ್ಗೆ. ಡಿವೈಡರ್‌ನಲ್ಲಿ ಕಣಗಲೆ, ಬೋಗನ್‌ವಿಲ್ಲಾ. ಪಕ್ಕದಲ್ಲಿ ಹೂವು ಚೆಂದ ಕಾಣುವ ಮರಗಳು. ಕಣಗಲೆ ವಿಷ, ಅದನ್ನು ದನವೂ ಮುಟ್ಟುವುದಿಲ್ಲ. ಉಳಿದವುಗಳಲ್ಲೂ ಕೋತಿಗಾಗಲಿ ಹಕ್ಕಿಗಾಗಲಿ ವರ್ಷಪೂರ್ತಿ ಹೊಟ್ಟೆ ತುಂಬಿಸುವ ಹಣ್ಣಿಲ್ಲ. ಹಸಿರು ಇದೆ ಅಂತ ಫೋಟೋದಲ್ಲಿ ತೋರಿಸಬಹುದು, ಅಷ್ಟೇ.

ಮರದ ಸಾಲು ತುಂಡಾದರೆ ಹಸಿವಿನ ಜೊತೆ ಇನ್ನೊಂದು ತೊಂದರೆಯೂ ಶುರುವಾಗುತ್ತದೆ. ಟೋಪಿ ಕೋತಿಗಳ ಗುಂಪಿನಲ್ಲಿ ಹೆಣ್ಣುಗಳು ಹುಟ್ಟಿದ ಗುಂಪಿನಲ್ಲೇ ಕೊನೆವರೆಗೂ ಇರುತ್ತವೆ. ಅಜ್ಜಿ, ತಾಯಿ, ಮಗಳು ಒಟ್ಟಿಗೆ ಬಾಳುವ ಸಂಸಾರ ಅದು. ಗಂಡುಗಳು ಪ್ರಾಯಕ್ಕೆ ಬಂದಾಗ ಬೇರೆ ಗುಂಪು ಹುಡುಕಿಕೊಂಡು ಹೋಗುತ್ತವೆ. ರಕ್ತಸಂಬಂಧದೊಳಗೇ ಮರಿ ಹುಟ್ಟದಂತೆ ತಡೆಯುವುದು ಈ ಓಡಾಟವೇ. ಸಾಲುಮರ ಇದ್ದಾಗ ಒಂದು ಗಂಡು ಕೋತಿ ಕೊಂಬೆಯ ಮೇಲೇ ಪಕ್ಕದ ಗುಂಪಿಗೆ ಹೋಗುತ್ತಿತ್ತು. ಈಗ ಅದು ಆರು ಪಥ ದಾಟಬೇಕು, ಬೇಲಿ ಹಾರಬೇಕು, ಊರನಾಯಿ ತಪ್ಪಿಸಬೇಕು, ಕರೆಂಟು ತಂತಿ ಹಿಡಿಯದೆ ಇರಬೇಕು. ಹೆಣ್ಣು ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮರಿ ಹಾಕುವುದು, ಅದೂ ಸುಮಾರು ಐದೂವರೆ ತಿಂಗಳು ಹೊತ್ತು. ಹೀಗಾಗಿ ಒಮ್ಮೆ ಕುಗ್ಗಿದ ಗುಂಪು ಇಲಿ ಹೆಗ್ಗಣದ ಹಾಗೆ ಬೇಗ ಚೇತರಿಸಿಕೊಳ್ಳುವುದಿಲ್ಲ.

ಹಿಡಿದು ಕಾಡಿಗೆ ಬಿಟ್ಟರೆ?

"ಹಿಡಿದು ಕಾಡಿಗೆ ಬಿಡಿ ಸಾರ್, ಮುಗೀತು." ಗ್ರಾಮ ಪಂಚಾಯಿತಿಯಲ್ಲಿ ಸಾಮಾನ್ಯವಾಗಿ ಕೇಳಿಬರುವ ಪರಿಹಾರ ಇದು. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಈ ಕೋತಿಗೆ ಕಾಡು ತವರುಮನೆ ಅಲ್ಲ ಅಂತ ಮೇಲೆ ನೋಡಿದೆವು. ಬೋನಿಗೆ ಬಿದ್ದವುಗಳನ್ನು ಲಾರಿಯಲ್ಲಿ ಹೇರಿ ಕಾಡಂಚಿನಲ್ಲಿ ಇಳಿಸಿದರೆ ಅವು ಒಳಗೆ ಹೋಗುವುದಿಲ್ಲ. ಹತ್ತಿರದ ರಸ್ತೆ ಅಥವಾ ಊರು ಹುಡುಕುತ್ತವೆ. ಮಂಡ್ಯದ ತೊಂದರೆ ಹೆಗ್ಗಡದೇವನಕೋಟೆ ಕಡೆಯ ರೈತನ ತಲೆ ಮೇಲೆ ಬೀಳುತ್ತದೆ. ಹಿಡಿಯುವಾಗ ತಾಯಿ ಒಂದು ಕಡೆ, ಮರಿ ಒಂದು ಕಡೆ ಆಗಬಹುದು. ಗುಂಪು ಒಡೆದು ಚೂರಾಗಬಹುದು. ಒಂದೂರಿನ ಕಾಯಿಲೆ ಇನ್ನೊಂದೂರಿಗೆ ಹೋಗಬಹುದು. ಖಾಲಿಯಾದ ಜಾಗಕ್ಕೆ ಪಕ್ಕದ ಗುಂಪು ಬರಲೂಬಹುದು. ವನ್ಯಜೀವಿ ಸಂರಕ್ಷಣಾ ಕಾಯ್ದೆ ಈ ಕೋತಿಗೂ ಇದೆ ಅನ್ನುವುದು ಎಷ್ಟೋ ಜನರಿಗೆ ಗೊತ್ತಿಲ್ಲ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹಿಡಿಯುವುದೇ ಅಪರಾಧ.

ಸಹನೆ ಪೂರ್ತಿ ಮುಗಿದರೆ ಏನಾಗುತ್ತದೆ ಅನ್ನುವುದನ್ನು 2021ರ ಜುಲೈನಲ್ಲಿ ಪಕ್ಕದ ಹಾಸನ ಜಿಲ್ಲೆಯಲ್ಲಿ ನೋಡಿದೆವು. ವಿಷವಿಕ್ಕಿ ಕೊಂದ ಸುಮಾರು 38 ಕೋತಿಗಳನ್ನು ಚೀಲದಲ್ಲಿ ತುಂಬಿ ರಸ್ತೆ ಬದಿ ಎಸೆದಿದ್ದರು. ರಾಜ್ಯ ಹೈಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ. ಶನಿವಾರ ಆಂಜನೇಯನಿಗೆ ವಡೆಹಾರ ಹಾಕಿಸುವ ಜನ ನಾವು. ಆ ಭಕ್ತಿ ಸುಳ್ಳು ಅಂತ ನಾನು ಒಪ್ಪುವುದಿಲ್ಲ. ಎಷ್ಟೋ ಊರುಗಳಲ್ಲಿ ಕೋತಿ ಸತ್ತರೆ ಇವತ್ತಿಗೂ ಹೂವು ಹಾಕಿ ಮಣ್ಣು ಮಾಡುತ್ತಾರೆ. ನಷ್ಟ ಒಬ್ಬನ ಹೊಲದ ಮೇಲೇ ಬಿದ್ದು, ಕೇಳುವವರೇ ಇಲ್ಲದಿದ್ದಾಗ ಆ ಭಾವ ಎಷ್ಟು ದಿನ ತಡೆದೀತು?

ಇನ್ನೊಂದು ತುದಿಯಲ್ಲಿ ಪ್ರೀತಿಯಿಂದ ಆಗುವ ಹಾನಿ. ಕಾರು ನಿಲ್ಲಿಸಿ ಬಿಸ್ಕತ್ತು, ಚಿಪ್ಸ್, ಬಾಳೆಹಣ್ಣು ಎಸೆಯುವುದು. ಬಂಡೀಪುರದಲ್ಲಿ ಈ ಕೋತಿಗಳನ್ನು ಗಮನಿಸಿದ ಸಂಶೋಧಕರು 2018ರಲ್ಲಿ ಒಂದು ವಿಚಿತ್ರ ಸಂಗತಿ ಪ್ರಕಟಿಸಿದರು. ಕೈಯಲ್ಲಿ ತಿಂಡಿ ಇರುವ ಮನುಷ್ಯನ ಕಡೆ ತಿರುಗಿ, ಮೆಲ್ಲಗೆ 'ಕೂ' ಅಂತ ದನಿ ಮಾಡಿ, ಕೈ ಚಾಚಿ ಕೇಳುವುದನ್ನು ಅವು ಕಲಿತಿವೆ. ಅಷ್ಟು ಜಾಣ ಪ್ರಾಣಿ. ಆ ಜಾಣತನವನ್ನು ಡಾಂಬರಿನ ಅಂಚಿಗೆ ತಂದು ನಿಲ್ಲಿಸುವುದು ನಾವು. ಎಂಬತ್ತು ನೂರರ ವೇಗದಲ್ಲಿ ಬರುವ ಮುಂದಿನ ಗಾಡಿಗೆ ಅದು ಸಿಗುತ್ತದೆ. ಚಾಮುಂಡಿ ಬೆಟ್ಟಕ್ಕೋ ಮೇಲುಕೋಟೆಗೋ ಹೋದಾಗ ಸುಮ್ನೆ ನೋಡಿ ಬನ್ನಿ, ಏನೂ ಕೊಡಬೇಡಿ.

ಉತ್ತರದ ಕಡೆಯಿಂದ ಬರುತ್ತಿರುವ ಒತ್ತಡವನ್ನೂ ಹೇಳಿಬಿಡಬೇಕು. ರೀಸಸ್ ಕೋತಿಗಳು ತಮ್ಮ ಹಳೆಯ ಗಡಿ ದಾಟಿ ದಕ್ಷಿಣಕ್ಕೆ ಇಳಿಯುತ್ತಿವೆ ಅಂತ 2011ರಲ್ಲೇ ಅಧ್ಯಯನ ಬಂದಿತ್ತು. ಅವು ಬಂದ ಕಡೆ ಟೋಪಿ ಕೋತಿ ಹಿಂದೆ ಸರಿಯುತ್ತಿದೆ. ಮೈಸೂರು ಮಂಡ್ಯಕ್ಕೆ ಇದು ನಾಳೆಯ ಚಿಂತೆ ಇರಬಹುದು. ಆದರೆ ಉತ್ತರದಲ್ಲಿ ನೆಲೆ ಕಳೆದುಕೊಳ್ಳುತ್ತಿರುವ ಪ್ರಾಣಿಗೆ ಹಳೇ ಮೈಸೂರು ಸೀಮೆ ಇನ್ನಷ್ಟು ಮುಖ್ಯವಾಗುತ್ತದೆ.

ಗುಂಡುತೋಪಿನ ಲೆಕ್ಕ

ಹೆದ್ದಾರಿಯ ಸಾಲುಮರ ಮತ್ತೆ ಬರುವುದಿಲ್ಲ. ಆರು ಪಥದ ಪಕ್ಕ ಹಣ್ಣಿನ ಮರ ನೆಟ್ಟು ಕೋತಿಗಳನ್ನು ಗಾಡಿಗಳ ಬಾಯಿಗೆ ಕರೆಯುವುದೂ ತಪ್ಪು. ನನ್ನ ಅಭಿಪ್ರಾಯದಲ್ಲಿ ನಾವು ನೋಡಬೇಕಾದ ಜಾಗ ಬೇರೆ ಇದೆ: ಗುಂಡುತೋಪು, ಕೆರೆ ಏರಿ, ದೇವಸ್ಥಾನದ ಜಮೀನು, ನಾಲೆ ದಡ, ಊರಿಂದ ಊರಿಗೆ ಹೋಗುವ ಸಣ್ಣ ರಸ್ತೆ. ಹಳೇ ಮೈಸೂರಿನ ಹಳ್ಳಿಗಳಲ್ಲಿ ಊರ ಹೊರಗೆ ಎಲ್ಲರಿಗೂ ಸೇರಿದ ಒಂದು ತೋಪು ಇರುತ್ತಿತ್ತು. ದನ ಮಲಗಲು, ಜಾತ್ರೆಗೆ ಬಂದವರು ಗಾಡಿ ಬಿಡಲು. ಎಷ್ಟೋ ಕಡೆ ಅದು ಒತ್ತುವರಿಯಾಗಿದೆ. ಕಂದಾಯದ ದಾಖಲೆಯಲ್ಲಿ ಮಾತ್ರ ಇನ್ನೂ 'ಗುಂಡುತೋಪು' ಅಂತಲೇ ಇದೆ. ಅಳತೆ ಮಾಡಿಸಿ ಬಿಡಿಸಿಕೊಂಡು ಅಲ್ಲಿ ಆಲ, ಅತ್ತಿ, ಗೋಣಿ, ಬಸರಿ ಬೆರೆಸಿ ನೆಡಬಹುದು. ಬೆರಕೆ ಮುಖ್ಯ. ಬರಿದಾದ ತಿಂಗಳು ಕಡಿಮೆಯಾಗುವುದು ಅದರಿಂದಲೇ.

ಊರೊಳಗೆ ಕಾಡುಜೀವಿ ಬಾಳುವುದು ನಮಗೆ ಹೊಸದಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಮನೆಗಳ ನಡುವಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಊರವರು ತಮ್ಮ ಮರ, ತಮ್ಮ ಹಕ್ಕಿ ಅಂತ ಕಾಪಾಡಿಕೊಂಡು ಬಂದಿದ್ದಾರೆ. ಕೋತಿ ಹೆಜ್ಜಾರ್ಲೆಗಿಂತ ತಂಟೆಯ ಪ್ರಾಣಿ, ಒಪ್ಪುತ್ತೇನೆ. ಹಾಗಾಗಿ ಬೆಳೆ ಹೋದವನಿಗೆ ಪರಿಹಾರ ಬೇಗ ಕೈಗೆ ಸಿಗುವ ವ್ಯವಸ್ಥೆ ಇರಲೇಬೇಕು. ಕಸವನ್ನು ಬೀದಿಯಲ್ಲಿ ತೆರೆದಿಡದೆ ಮುಚ್ಚಿಡಬೇಕು. ಇವೆರಡೂ ಇಲ್ಲದೆ ಮರ ನೆಡುವ ಮಾತು ರೈತನ ಕಿವಿಗೆ ಇಳಿಯುವುದಿಲ್ಲ.

ನೆಡುವ ಕೆಲಸಕ್ಕೆ ದೊಡ್ಡ ನರ್ಸರಿ ಬೇಕಿಲ್ಲ. ಆಲಕ್ಕೆ ಬಲಿತ ಕೊಂಬೆ ನೆಟ್ಟರೂ ಬೇರು ಬಿಡುತ್ತದೆ. ಮಾಗಡಿ ತಾಲ್ಲೂಕಿನ ಹುಲಿಕಲ್‌ನ ಸಾಲುಮರದ ತಿಮ್ಮಕ್ಕ ಹುಲಿಕಲ್ ಕುದೂರು ರಸ್ತೆಯಲ್ಲಿ ಗಂಡನ ಜೊತೆ ನೀರು ಹೊತ್ತು ಬೆಳೆಸಿದ್ದು 385 ಆಲದ ಮರಗಳನ್ನು. ಅವು ಇವತ್ತೂ ನಿಂತಿವೆ. ಮುಂಗಾರು ಹಿಡಿದ ಮೇಲೆ ನೆಟ್ಟು, ಮೊದಲ ಎರಡು ಮೂರು ಬೇಸಿಗೆ ನೀರು ಕೊಟ್ಟು, ದನ ಮೇಯದಂತೆ ಮುಳ್ಳು ಕಟ್ಟಿದರೆ ಆಮೇಲೆ ಮರ ತನ್ನ ಪಾಡಿಗೆ ಬೆಳೆಯುತ್ತದೆ.

ಈಗ ಇರುವ ಮರಗಳಿಗೆ ಒಂದು ಕಾನೂನೂ ಇದೆ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರದು. ಐವತ್ತಕ್ಕಿಂತ ಹೆಚ್ಚು ಮರ ಕಡಿಯುವುದಾದರೆ ವೃಕ್ಷಾಧಿಕಾರಿ ಮೊದಲೇ ಪ್ರಕಟಣೆ ಹೊರಡಿಸಿ ಜನರಿಂದ ಆಕ್ಷೇಪಣೆ ಕೇಳಬೇಕು. ಅಂಥ ಪ್ರಕಟಣೆ ನಿಮ್ಮ ಊರಿನ ರಸ್ತೆಗೆ ಬಂದರೆ ಪಟ್ಟಿ ತರಿಸಿಕೊಳ್ಳಿ. ಅದರಲ್ಲಿ ಆಲ, ಅರಳಿ, ಅತ್ತಿ, ಗೋಣಿ ಎಷ್ಟಿವೆ ನೋಡಿ. ಸಂಜೆ ಹೊತ್ತು ಆ ಮರಗಳ ಕೆಳಗೆ ನಿಂತು ಕೋತಿಗಳು ಯಾವುದರಲ್ಲಿ ಮಲಗುತ್ತವೆ, ಎಷ್ಟಿವೆ ಅಂತ ಬರೆದುಕೊಳ್ಳಿ. ಆಕ್ಷೇಪಣೆಯ ಅರ್ಜಿಯಲ್ಲಿ ಆ ಮರಗಳ ನಂಬರ್ ಮತ್ತು ಆ ಲೆಕ್ಕ ಎರಡನ್ನೂ ಸೇರಿಸಿ ಕೊಡಿ.